ತಪ್ಪು ನಡೆ ವಾಪಸ್ ಕೊಡದ ಯಂತ್ರ

ಗ್ರಾಹಕರ ಸಂಘಕ್ಕೆ ಬರುವ ದೂರುಗಳಲ್ಲಿ ಅರ್ಧ ವಸ್ತುಗಳ ಮೇಲೆ, ಇನ್ನರ್ಧ ಮನುಷ್ಯರ ಮೇಲೆ. ಯಾವುದು ಯಾರ ಮೇಲೆ ಎಂದು ಗೊತ್ತಾಗುವಷ್ಟರಲ್ಲಿ ಬಾಗಿಲಲ್ಲಿ ಇನ್ನೊಬ್ಬರು ಚೀಲ ಹಿಡಿದು ನಿಂತಿರುತ್ತಾರೆ.

ಎಂಬತ್ತರ ದಶಕದ ಕೊನೆ. ಗ್ರಾಹಕರ ಕಾನೂನು ಆಗಷ್ಟೇ ಬಂದಿತ್ತು. ನಾನು ಬಿ.ಎಸ್ಸಿ. ಮುಗಿಸಿ, ಕೆಲಸಕ್ಕೆ ಅರ್ಜಿಗಳನ್ನು ಹಾಕಿ ಕಾಯುತ್ತಿದ್ದೆ. ಹೈಸ್ಕೂಲಿನಲ್ಲಿ ನನಗೆ ಗಣಿತ ಕಲಿಸಿ ನಿವೃತ್ತರಾದವರು ಸಾಗರದಲ್ಲಿ ಗ್ರಾಹಕರ ಸಂಘ ಕಟ್ಟಿದ್ದರು. "ಸುಮ್ನೆ ಕೂತು ಕಾಯೋ ಬದಲು ಇಲ್ಲಿ ಕೂತು ಬರಿ" ಎಂದು ಕರೆದು ಕಾರ್ಯದರ್ಶಿ ಮಾಡಿದರು. ಊರಿಗೆಲ್ಲ ಅವರು ಟೀಚರ್. ಸಾಗರ, ಹೊಸನಗರ, ತೀರ್ಥಹಳ್ಳಿ, ಮೂರು ತಾಲ್ಲೂಕಿಗೂ ಸೇರಿ ಒಂದು ಮೇಜು, ಎರಡು ಕುರ್ಚಿ, ಒಂದು ಬೆಂಚು.

ನನಗೆ ಕ್ರಮ ಮುಖ್ಯ. ರಿಜಿಸ್ಟರಿನಲ್ಲಿ ಆರು ಅಂಕಣ ಎಳೆದಿದ್ದೆ: ಹೆಸರು, ಊರು, ವಸ್ತು, ಬಿಲ್, ದೋಷ, ನಷ್ಟ. ಯಾರು ಬಂದರೂ ನನ್ನ ಮೊದಲ ಪ್ರಶ್ನೆ ಒಂದೇ. "ಬಿಲ್ ಇದೆಯಾ?"

"ಬಂದವರಿಗೆ ಮೊದಲು ಕೂತ್ಕೊಳ್ಳಿ ಅನ್ನೋ. ಆಮೇಲೆ ಬಿಲ್ ಕೇಳು" ಎಂದು ಟೀಚರ್ ಎಷ್ಟೋ ಸಲ ಹೇಳಿದರು. ನಾನು ಎರಡನ್ನೂ ಒಟ್ಟಿಗೆ ಹೇಳುವುದನ್ನು ರೂಢಿಸಿಕೊಂಡೆ.

ಒಮ್ಮೆ ಒಬ್ಬರು ಹೊಸ ಟಾರ್ಚ್ ತಂದರು. ಬಿಲ್ ಇತ್ತು. ದೋಷ: ಹತ್ತುವುದಿಲ್ಲ. ಬಿಚ್ಚಿ ನೋಡಿದೆ, ಒಳಗೆ ಸೆಲ್ ಇರಲಿಲ್ಲ. "ಸೆಲ್ ಹಾಕ್ಬೇಕಲ್ಲ?" ಎಂದೆ. ಅವರು ಬಿಲ್ಲನ್ನು ನನ್ನ ಮುಂದಕ್ಕೆ ತಳ್ಳಿದರು. "ಹಂಗಂತ ಇದರಲ್ಲಿ ಎಲ್ಲಿ ಬರ್ದಿದೆ, ತೋರ್ಸಿ."

ಇಂಥವು ಬಹಳ. ಆದರೆ ನಾನು ಹೇಳಹೊರಟದ್ದು ಚದುರಂಗದ ಯಂತ್ರದ ಪ್ರಕರಣ. ಅದು ಒಂದೇ ಪ್ರಕರಣವಾದರೂ ಒಂದೇ ಸಲ ನಗಿಸಿ ಬಿಡಲಿಲ್ಲ.

೧. ಒಳಪದರದಲ್ಲಿ ಬಿಲ್

ಹೊಸನಗರದಿಂದ ಒಬ್ಬ ಟೈಲರ್ ಬಂದರು. ಐವತ್ತರ ಆಸುಪಾಸು. ಅಳತೆ ಟೇಪು ಕೊರಳಲ್ಲೇ ಇತ್ತು. ಅದನ್ನು ಹಾಕಿಕೊಂಡೇ ಬಸ್ಸು ಹತ್ತಿದ್ದರು. ಕೈಯಲ್ಲಿ ನೀಲಿ ಬಟ್ಟೆಯ ಗವಸು ಹಾಕಿದ ಚಪ್ಪಟೆ ಪೆಟ್ಟಿಗೆ.

"ಕೂತ್ಕೊಳ್ಳಿ, ಬಿಲ್ ಇದೆಯಾ?"

"ಇದೆ. ಒಂದು ಬ್ಲೇಡ್ ಕೊಡಿ."

ಪೆನ್ಸಿಲ್ ಹೆರೆಯುವ ಬ್ಲೇಡ್ ಕೊಟ್ಟೆ. ಅವರು ಗವಸನ್ನು ತಿರುವಿ, ಒಳಪದರದ ಹೊಲಿಗೆಯನ್ನು ಒಂದು ಬದಿಯಿಂದ ಬಿಚ್ಚಿ, ಒಳಗಿಂದ ಬಿಲ್ ತೆಗೆದರು. "ಕಳೆದುಹೋಗ್ಬಾರ್ದು ಅಂತ ಸೇರಿಸಿ ಹೊಲ್ದಿದ್ದೆ." ನಾನು ನಂಬರು ಬರೆದುಕೊಂಡೆ. ಅವರು ಅಂಗಿಯ ಪಟ್ಟಿಗೆ ಸಿಕ್ಕಿಸಿದ್ದ ಸೂಜಿ ತೆಗೆದು, ಬಿಲ್ಲನ್ನು ಒಳಗಿಟ್ಟು, ಅಲ್ಲೇ ಮತ್ತೆ ಹೊಲಿದರು. ಅಂಥ ಭದ್ರವಾದ ದಾಖಲೆ ನಮ್ಮ ಸಂಘಕ್ಕೆ ಹಿಂದೆ ಬಂದಿರಲಿಲ್ಲ.

ಪೆಟ್ಟಿಗೆ ತೆರೆದರು. ಮೇಲೆ ಚದುರಂಗದ ಹಾಸು, ಒಂದು ಬದಿಗೆ ಗುಂಡಿಗಳು. ನಮ್ಮ ಕಾಯಿಯನ್ನು ಎತ್ತುವ ಮನೆಯ ಮೇಲೂ ಇಡುವ ಮನೆಯ ಮೇಲೂ ಒತ್ತಬೇಕು. ನಡೆಯನ್ನು ಒಪ್ಪಿದರೆ ಯಂತ್ರ ಒಂದು ಸಲ ಪೀಂ ಎನ್ನುತ್ತದೆ. ಒಪ್ಪದಿದ್ದರೆ ಎರಡು ಸಲ. ಆಮೇಲೆ ತನ್ನ ನಡೆಯನ್ನು ಪುಟ್ಟ ಕೆಂಪು ದೀಪಗಳಿಂದ ತೋರಿಸುತ್ತದೆ. ಅದರ ಕಾಯಿಯನ್ನೂ ನಾವೇ ನಡೆಸಬೇಕು.

"ದೋಷ?" ಎಂದೆ.

"ಅಹಂಕಾರ."

"ನಾನು ಕೇಳಿದ್ದು ಯಂತ್ರದ ದೋಷ."

"ನಾನು ಹೇಳಿದ್ದೂ ಅದರದ್ದೇ. ತಪ್ಪು ನಡೆ ವಾಪಸ್ ತಗೊಳ್ಬಹುದು ಅಂತ ಜಾಹೀರಾತಲ್ಲಿ ಹಾಕಿದಾರೆ. ಅದಕ್ಕೊಂದು ಗುಂಡಿ ಇರ್ಬೇಕು. ಹುಡುಕಿ."

ಹುಡುಕಿದೆ. ಹನ್ನೊಂದು ಗುಂಡಿ ಇದ್ದವು. ಹನ್ನೊಂದನ್ನೂ ಓದಿದೆ, ಒತ್ತಿದೆ. ವಾಪಸ್ ಕೊಡುವಂಥದ್ದು ಒಂದೂ ಇರಲಿಲ್ಲ.

"ಅದಿಲ್ಲದಿದ್ರೂ ಆಡಬಹುದಲ್ಲ?"

ಆಗ ಅವರು ಬೆಂಚಿನ ಮೇಲೆ ಸರಿಯಾಗಿ ಕೂತು ವಿಷಯ ಹೇಳಿದರು. ಅವರ ಅಂಗಡಿಗೂ ಪಕ್ಕದ ಡಾಕ್ಟರ ಶಾಪಿಗೂ ನಡುವೆ ಒಂದೇ ಗೋಡೆ, ಹೊರಗೆ ಒಂದೇ ಬೆಂಚು. ಡಾಕ್ಟರ ಕಂಪೌಂಡರ್ ಜೊತೆ ಆ ಬೆಂಚಿನ ಮೇಲೆ ಹದಿನೈದು ವರ್ಷ ಚದುರಂಗ. ಗಿರಾಕಿ ಬಂದರೆ ಇವರು ಏಳುತ್ತಿದ್ದರು, ರೋಗಿ ಬಂದರೆ ಅವರು. ಹಾಗಾಗಿ ಬೆಳಿಗ್ಗೆ ಹೂಡಿದ ಆಟ ಸಂಜೆಗೆ ಮುಗಿದರೆ ಪುಣ್ಯ. ಒಪ್ಪಂದ ಏನೆಂದರೆ, ಒಂದು ಆಟಕ್ಕೆ ಒಬ್ಬರಿಗೆ ಒಂದು ಸಲ ಮಾತ್ರ ತಪ್ಪು ನಡೆ ವಾಪಸ್. ಒಂದು ದಿನ ಬೆಳಿಗ್ಗೆ ಇವರು ಒಂದು ನಡೆ ವಾಪಸ್ ಪಡೆದಿದ್ದರು. ಮಧ್ಯಾಹ್ನದ ಮೇಲೆ ಮಂತ್ರಿ ಸಿಕ್ಕಿಬಿತ್ತು. ಮತ್ತೆ ವಾಪಸ್ ಕೇಳಿದರು. ಕಂಪೌಂಡರ್ ಕೊಡಲಿಲ್ಲ.

"ಊಟಕ್ಕೆ ಎದ್ದು ಬಂದ ಮೇಲೆ ಹೊಸ ಲೆಕ್ಕ ಅಲ್ವಾ? ನೀವೇ ಹೇಳಿ. ಅವ ಅಲ್ಲ ಅಂದ. ಆವತ್ತು ಮಾತು ಬಿಟ್ಟದ್ದು, ವರ್ಷದ ಮೇಲಾಯ್ತು."

ನನ್ನ ಪೆನ್ನು ಕೊನೆಯ ಅಂಕಣದ ಮೇಲಿತ್ತು. "ನಷ್ಟ ಅಂತ ಏನು ಬರೀಲಿ?"

"ಇದನ್ನ ನಾನು ತಂದದ್ದು ಒಬ್ಬ ಮನುಷ್ಯನ ಬದಲಿಗೆ, ಸೆಕ್ರೆಟ್ರಿಯವ್ರೇ. ಇದೂ ಅವನ ಹಂಗೇ ಹಟ ಮಾಡೋದಾದ್ರೆ ನಾನು ದುಡ್ಡು ಯಾಕೆ ಕೊಡ್ಬೇಕಿತ್ತು? ಅವ ಪುಕ್ಕಟೆ ಸಿಗ್ತಿದ್ದ."

೨. ರಾಜನಿಗೆ ಕುದುರೆ ನಡೆ

ಮಾರನೆಯ ವಾರ ಟೀಚರ್ ಯಂತ್ರವನ್ನು ತಾವೇ ನೋಡಬೇಕೆಂದರು. ಟೈಲರ್ ಆಡಿ ತೋರಿಸಲು ಕೂತರು. ಏಳೆಂಟು ನಡೆ ಸರಾಗವಾಗಿ ಹೋಯಿತು. ಆಮೇಲೆ ಅವರು ತಮ್ಮ ರಾಜನನ್ನು ಎತ್ತಿ, ಕುದುರೆಯ ಹಾಗೆ ಎರಡು ಮನೆ ಮುಂದೆ, ಒಂದು ಮನೆ ಪಕ್ಕಕ್ಕೆ ಇಟ್ಟು ಒತ್ತಿದರು.

ಪೀಂ ಪೀಂ.

"ನೋಡಿದ್ರಾ ಟೀಚರ್? ಇದು ಎರಡನೇ ದೋಷ. ಆಟದಲ್ಲಿ ರಾಜನಿಗೆ ಒಂದು ಸಲ ಕುದುರೆ ನಡೆ ಇದೆ. ನಮ್ಮ ಅಜ್ಜನ ಕಾಲದಿಂದ ಇದೆ. ಇದಕ್ಕೆ ಅಷ್ಟೂ ಗೊತ್ತಿಲ್ಲ."

"ಅದು ನಮ್ಮ ಕಡೆಯ ಹಳೇ ಪದ್ಧತಿ. ಅಂತರರಾಷ್ಟ್ರೀಯ ನಿಯಮದಲ್ಲಿ ಇಲ್ಲ" ಎಂದೆ.

"ಮಾರಿದವ ಶಿವಮೊಗ್ಗದವ. ತಗೊಂಡವ ಹೊಸನಗರದವ. ಇದರ ಮಧ್ಯ ಅಂತರರಾಷ್ಟ್ರ ಎಲ್ಲಿಂದ ಬಂತು?"

"ಅವರು ಹೇಳೋದ್ರಲ್ಲಿ ತರ್ಕ ಇದೆಯೋ" ಎಂದರು ಟೀಚರ್.

ಟೈಲರ್ ರಾಜನನ್ನು ಹಿಂದಕ್ಕಿಟ್ಟು ಬೇರೊಂದು ಕಾಯಿ ನಡೆಸಿದರು. ಯಂತ್ರ ದೀಪ ಹತ್ತಿಸಿ ತನ್ನ ನಡೆ ತೋರಿಸಿತು. ಅದು ರಾಜನನ್ನು ಎರಡು ಮನೆ ಸರಿಸಿ, ಆನೆಯನ್ನು ಅದರ ಆಚೆ ಬದಿಗೆ ತಂದು ಕೋಟೆ ಕಟ್ಟಿಕೊಂಡಿತು. ಟೈಲರ್ ಆ ಎರಡೂ ಕಾಯಿಗಳನ್ನು ಅದರ ಪರವಾಗಿ ತಾವೇ ನಡೆಸಿ, ನಮ್ಮಿಬ್ಬರ ಮುಖ ನೋಡಿದರು.

"ನಾನು ರಾಜನ್ನ ಒಂದು ಸಲ ಹಾರಿಸಿದ್ರೆ ತಪ್ಪಂತೆ. ಇದು ಒಂದೇ ನಡೆಯಲ್ಲಿ ರಾಜನ್ನೂ ಓಡಿಸ್ತು, ಆನೆನೂ ಓಡಿಸ್ತು. ಅದನ್ನೂ ನನ್ನ ಕೈಯಲ್ಲೇ ಮಾಡಿಸ್ತು. ಇದನ್ನ ಕೇಳೋರಿಲ್ವಾ?"

ಅದು ದೋಷವಲ್ಲವಾದ್ದರಿಂದ ನಾನು ರಿಜಿಸ್ಟರಿನಲ್ಲಿ ಬರೆಯಲಿಲ್ಲ. ಟೀಚರ್ ತಮ್ಮ ಸ್ವಂತ ಡೈರಿಯಲ್ಲಿ ಬರೆದುಕೊಂಡರು.

೩. ಹದಿನೈದೂವರೆ ಅಳತೆ

ದೂರಿಗೆ ಜಾಹೀರಾತು ಬೇಕೇ ಬೇಕು. ಏನು ಕೊಡುತ್ತೇವೆ ಎಂದಿದ್ದರು, ಏನು ಕೊಟ್ಟರು ಎಂದು ಹೋಲಿಸಿ ತೋರಿಸಬೇಕು. ಕೇಳಿದಾಗ ಟೈಲರ್ ಜೇಬಿನಿಂದ ಒಂದು ಕಾಗದ ತೆಗೆದು ಮೇಜಿನ ಮೇಲೆ ಹಾಸಿದರು. ಉದ್ದಕ್ಕೆ, ಮಧ್ಯದಲ್ಲಿ ಬಾಗಿ, ಎರಡು ತುದಿಯಲ್ಲಿ ಚೂಪಾಗಿತ್ತು.

"ಇದು ಕಾಲರ್" ಎಂದೆ.

"ಹೌದು. ಹದಿನೈದೂವರೆ."

ಅಂಗಡಿಯವರು ಯಂತ್ರದ ಜೊತೆ ಕೊಟ್ಟ ಜಾಹೀರಾತು ದೊಡ್ಡ ಹಾಳೆ. ದಪ್ಪ, ನುಣುಪು, ಮಡಚಿದರೂ ಮುರಿಯದು. ಅಂಥ ಕಾಗದ ಟೈಲರ್ ಕೈಗೆ ಸಿಕ್ಕಿದರೆ ಏನಾಗಬೇಕೋ ಅದೇ ಆಗಿತ್ತು. ಅಂಗಿ ಕಾಲರ್ ಕತ್ತರಿಸುವ ಮಾದರಿಯಾಗಿತ್ತು. ಹಿಂಬದಿಗೆ ಸೀಮೆಸುಣ್ಣದ ಗೆರೆ. ಮುಂಬದಿಯಲ್ಲಿ ಓದಿದೆ: "ಎಂಟು ಮಟ್ಟದ ಆಟ. ಬೇಕೆಂದಾಗ ಸಲಹೆ. ತಪ್ಪು ನಡೆಯನ್ನು ವಾಪಸ್". ಅಲ್ಲಿಗೆ ಕತ್ತಿನ ಬಾಗು ಬಂದು ವಾಕ್ಯ ಕತ್ತರಿಸಿಹೋಗಿತ್ತು.

"ಉಳಿದ ಅರ್ಧ ಎಲ್ಲಿ?"

"ಬೆಂಚಿನ ಮೇಲೆ ಇಟ್ಟೆ." ಕಾಲರಿನ ತುದಿಯನ್ನು ನೆಟ್ಟಗೆ ಮಾಡಿದರು. "ಬೆಂಚಿನ ಮೇಲಿಟ್ಟ ಕಾಗದ ಕಂಪೌಂಡರಿಗೆ. ಪುಡಿ ಔಷಧಿ ಪೊಟ್ಟಣ ಕಟ್ತಾನೆ. ನುಣುಪು ಕಾಗದಕ್ಕೆ ಪುಡಿ ಅಂಟೋದಿಲ್ಲ."

"ಮಾತು ಬಿಟ್ಟ ಮೇಲೂ ಇಡ್ತಿದ್ರಾ?"

"ಜಗಳ ನಮ್ಮಿಬ್ಬರದ್ದು. ಕಾಗದ ಎಂತ ಮಾಡ್ತು?"

"ಹಾಗಾದ್ರೆ ಹೋಗಿ ಕೇಳಿ. ಇನ್ನೂ ಇಟ್ಟಿರಬಹುದು."

"ಅವನ ಹತ್ರವಾ? ಕೇಸು ಸೋತ್ರೂ ಅಡ್ಡಿಲ್ಲ."

ಸಿಕ್ಕ ಅರ್ಧವನ್ನೇ ಹಿಡಿದು ನಾನು ಶಿವಮೊಗ್ಗದ ಆ ಅಂಗಡಿಗೆ ಹೋದೆ. ರೇಡಿಯೋ, ಮಿಕ್ಸಿ, ಗಡಿಯಾರಗಳ ನಡುವೆ ಮಾಲೀಕರು ಕೂತಿದ್ದರು. ಚಹಾ ತರಿಸಿದರು. ಕಾಲರನ್ನು ಎರಡೂ ಕಡೆ ತಿರುಗಿಸಿ ನೋಡಿದರು. ಬೇರೆ ಜಾಹೀರಾತು ಒಂದೂ ಉಳಿದಿಲ್ಲ, ಎಲ್ಲ ಹಂಚಿ ಮುಗಿಯಿತು ಎಂದರು.

"'ವಾಪಸ್' ಅಂತ ಇದೆ. ಸರಿ. ಮುಂದೆ 'ಪಡೆಯಲಾಗುವುದಿಲ್ಲ' ಅಂತ ಇದ್ದಿದ್ರೆ?"

"ಆಗೋದಿಲ್ಲ ಅನ್ನೋದನ್ನ ಯಾರಾದ್ರೂ ಜಾಹೀರಾತಲ್ಲಿ ಹಾಕ್ತಾರಾ?"

"ನಾವು ಪ್ರಾಮಾಣಿಕ ವ್ಯಾಪಾರಸ್ಥರು ಕಣ್ರೀ."

ನಾನು ಎದ್ದೆ. ಅವರೂ ಎದ್ದು, ಗಾಜಿನ ಕಪಾಟಿನಿಂದ ಅಂಥದ್ದೇ ಒಂದು ಯಂತ್ರ ತೆಗೆದರು. "ಅಷ್ಟಕ್ಕೂ ವಾಪಸ್ ಇಲ್ಲ ಅಂತ ಹೇಳಿದ್ಯಾರು? ನೋಡಿ." ನಾಲ್ಕು ನಡೆ ಆಡಿದರು. ಆಮೇಲೆ ಸ್ವಿಚ್ ಆರಿಸಿ, ಮತ್ತೆ ಹಾಕಿದರು.

"ಎಲ್ಲಾ ವಾಪಸ್ ಆಯ್ತು. ನಿಮ್ಮವರು ಒಂದು ಕೇಳಿದ್ರು, ನಾವು ನಾಲ್ಕು ಕೊಟ್ಟಿದೀವಿ."

೪. ಮೂರು ರೀಡಿಂಗ್

ದೂರು ಶಿವಮೊಗ್ಗದ ಗ್ರಾಹಕರ ವೇದಿಕೆಗೆ ಹೋಯಿತು. ಮೊದಲ ದಿನವೇ ಅಂಗಡಿಯವರ ವಕೀಲರು ಎರಡು ವಿಷಯಕ್ಕೆ ಪಟ್ಟು ಹಿಡಿದರು. ಜಾಹೀರಾತು ಪೂರ್ತಿ ಬೇಕು. ದೋಷ ಇದೆ ಎನ್ನುವುದಕ್ಕೆ ಪ್ರಯೋಗಾಲಯದ ವರದಿ ಬೇಕು.

ಎಣ್ಣೆ ಕಲಬೆರಕೆಯಾದರೆ ಪ್ರಯೋಗಾಲಯ ಇದೆ. ಸಿಮೆಂಟಿಗೆ ಇದೆ. ಚದುರಂಗಕ್ಕೆ? ಟೀಚರ್ ಎರಡು ದಿನ ಯೋಚಿಸಿ, ತೀರ್ಥಹಳ್ಳಿಯ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ ತಮ್ಮ ಹಳೆಯ ವಿದ್ಯಾರ್ಥಿಯೊಬ್ಬರಿಗೆ ಪತ್ರ ಬರೆದರು. ಅವರ ಕೈಯಲ್ಲಿ ಪ್ರಯೋಗಾಲಯ ಇತ್ತು. ಚದುರಂಗವೂ ಬರುತ್ತಿತ್ತು, ಅಥವಾ ಹಾಗೆಂದು ಅವರು ತಿಳಿದಿದ್ದರು.

ನಾನು ಹೊಸನಗರದಲ್ಲಿ ಟೈಲರನ್ನು ಕರೆದುಕೊಂಡು ತೀರ್ಥಹಳ್ಳಿಗೆ ಹೋದೆ. ಉಪನ್ಯಾಸಕರು ಮೇಜಿನ ಮೇಲಿದ್ದ ಗ್ಯಾಲ್ವನೋಮೀಟರನ್ನು ಪಕ್ಕಕ್ಕೆ ಸರಿಸಿ ಯಂತ್ರ ಇಟ್ಟರು. ಗುಂಡಿಗಳನ್ನು ನೋಡಿದರು. ವಾಪಸ್ ಗುಂಡಿ ಇಲ್ಲ ಎಂದು ಎರಡು ನಿಮಿಷದಲ್ಲಿ ಗೊತ್ತಾಯಿತು.

"ಇಷ್ಟೇ ಸಾಕು ಸರ್" ಎಂದೆ.

"ನೀನು ಬಿ.ಎಸ್ಸಿ. ಓದಿದವನು, ಹೀಗನ್ನಬಾರದು. ಗುಂಡಿ ಇಲ್ಲದಿದ್ರೂ ಸೌಲಭ್ಯ ಬೇರೆ ರೀತಿ ಅಡಗಿರಬಹುದು. ಆಡಿಯೇ ನೋಡ್ಬೇಕು. ಮೂರು ರೀಡಿಂಗ್ ತಗೊಂಡು ಸರಾಸರಿ."

ಆಡಿದರು. ಐದನೇ ನಡೆಯಲ್ಲೇ ಮಂತ್ರಿಯನ್ನು ಹೊರಗೆ ತಂದರು.

"ಸಾರ್, ಮಂತ್ರಿ ಈಗ್ಲೇ ಬೇಡ" ಎಂದರು ಟೈಲರ್, ತಡೆಯಲಾರದೆ.

"ಪ್ರಯೋಗದ ನಡುವೆ ಮಾತಾಡಬಾರದು."

ಟೈಲರ್ ಹಲ್ಲು ಕಚ್ಚಿ, ಕೊರಳ ಟೇಪನ್ನು ಎರಡೂ ಕೈಯಲ್ಲಿ ಹಿಡಿದು ಕೂತರು. ಮೂರನೇ ಆಟದ ಹೊತ್ತಿಗೆ ಎದ್ದು ಹೋಗಿ ವರಾಂಡದಲ್ಲಿ ನಿಂತರು.

ವರದಿ ಒಂದು ವಾರದಲ್ಲಿ ಅಂಚೆಯಲ್ಲಿ ಬಂತು. ನನ್ನ ಪ್ರತಿ ಇನ್ನೂ ಇದೆ.

ಉದ್ದೇಶ: ಯಂತ್ರದಲ್ಲಿ ತಪ್ಪು ನಡೆ ವಾಪಸ್ ಪಡೆಯುವ ಸೌಲಭ್ಯವಿದೆಯೇ ಎಂದು ಪರೀಕ್ಷಿಸುವುದು.

ಉಪಕರಣಗಳು: ಯಂತ್ರ ಒಂದು, ಉಪನ್ಯಾಸಕ ಒಬ್ಬ.

ವೀಕ್ಷಣೆ: ಉಪನ್ಯಾಸಕರ ಸೋಲು, ಮೊದಲ ಸಲ ಇಪ್ಪತ್ತೆರಡು ನಡೆಗಳಲ್ಲಿ, ಎರಡನೇ ಸಲ ಹತ್ತೊಂಬತ್ತು, ಮೂರನೇ ಸಲ ಹದಿನಾರು. ಸರಾಸರಿ ಹತ್ತೊಂಬತ್ತು.

ಫಲಿತಾಂಶ: ಸೌಲಭ್ಯ ಇಲ್ಲ. ಇದ್ದಿದ್ದರೆ ಮೇಲಿನ ವೀಕ್ಷಣೆಗಳು ಬೇರೆಯಾಗಿರುತ್ತಿದ್ದವು.

ಮುನ್ನೆಚ್ಚರಿಕೆ: ಮಂತ್ರಿಯನ್ನು ಬೇಗ ಹೊರಗೆ ತರಬಾರದು.

೫. ಗೋಡೆಯ ಎರಡು ಬದಿ

ಇನ್ನು ಉಳಿದದ್ದು ಜಾಹೀರಾತಿನ ಅರ್ಧ. ಅದಿಲ್ಲದಿದ್ದರೆ ಕೇಸು ನಿಲ್ಲುವುದಿಲ್ಲ ಎಂದು ಟೀಚರ್ ಸ್ಪಷ್ಟವಾಗಿ ಹೇಳಿದರು. ಟೈಲರ್ ಕೇಳುವುದಿಲ್ಲ. ಹಾಗಾಗಿ ನಾನು ಹೋದೆ.

ಕಂಪೌಂಡರ್ ತೆಳ್ಳಗಿನ ಮನುಷ್ಯ. ಬಾಟಲಿಯೊಂದನ್ನು ಬೆಳಕಿಗೆ ಹಿಡಿದು ಅಲ್ಲಾಡಿಸುತ್ತಿದ್ದರು. ಗೋಡೆಯ ಆಚೆ ಟೈಲರ್ ಹೊಲಿಗೆ ಯಂತ್ರ ಓಡುತ್ತಿತ್ತು.

"ಎಂತ ಆಗಿದೆ ತಮ್ಮಾ? ಕೆಮ್ಮಾ?"

"ಒಂದು ಕಾಗದ ಬೇಕಿತ್ತು."

ಅವರು ಬಾಟಲಿ ಕೆಳಗಿಟ್ಟರು. ಯಾವ ಕಾಗದ ಎಂದು ಕೇಳಲಿಲ್ಲ. ಸ್ಟೂಲು ಹತ್ತಿ ಮೇಲಿನ ಹಲಗೆಯಿಂದ ಒಂದು ಹಾಳೆ ತೆಗೆದರು. ಟಿಂಕ್ಚರ್ ಬಾಟಲಿಯ ಕೆಳಗೆ ಒತ್ತಿಟ್ಟಿದ್ದರು. ಪೊಟ್ಟಣಕ್ಕೆ ಮಡಚಿದ ಗುರುತುಗಳು ಅಡ್ಡಡ್ಡ ಕಾಣುತ್ತಿದ್ದವು. ಹರಿದಿರಲಿಲ್ಲ.

"ಪುಡಿ ಕಟ್ಲಿಲ್ವಾ?"

"ಕಟ್ಟೋಕೆ ಅಂತಲೇ ಮಡಚಿದ್ದು. ಮಡಚ್ತಾ ಓದಿದೆ. ಮತ್ತೆ ಬಿಚ್ಚಿಟ್ಟೆ." ಕಾಗದವನ್ನು ಅಂಗೈಯಿಂದ ನೇವರಿಸಿದರು. "ಹದಿನೈದು ವರ್ಷ ನನ್ನ ಎದುರು ಕೂತು ಆಡಿದವ. ಒಂದು ನಡೆ ವಾಪಸ್ ಸಿಗ್ತದೆ ಅಂತ ಶಿವಮೊಗ್ಗದ ತನಕ ಹೋಗಿ ಯಂತ್ರ ತಂದಾನೆ. ಆ ಕಾಗದದಲ್ಲಿ ಯಾರದ್ದೋ ಅಜೀರ್ಣಕ್ಕೆ ಪುಡಿ ಕಟ್ಲಾ?"

ನಾನು ಕೈ ಚಾಚಿದೆ. ಅವರು ಕಾಗದ ಹಿಂದಕ್ಕೆ ಹಿಡಿದರು.

"ಅವನೇ ಬಂದು ಕೇಳ್ಲಿ."

ಆಚೆ ಹೊಲಿಗೆ ಯಂತ್ರ ನಿಂತಿತು. ಗೋಡೆಯೊಳಗಿಂದ ದನಿ ಬಂತು. "ಕೇಳೋದಿಲ್ಲ ಅಂತ ಹೇಳಿ ಸೆಕ್ರೆಟ್ರಿಯವ್ರೇ ಅವರಿಗೆ."

"ಕೇಳದೆ ಕೊಡೋದಿಲ್ಲ ಅಂತ ಹೇಳು ತಮ್ಮಾ ಅವರಿಗೆ."

ಮೂರು ಸಲ ಹೀಗೆ ನಡೆಯಿತು. ಗೋಡೆ ತೆಳ್ಳಗಿತ್ತು. ನಾನು ಯಾರಿಗೂ ಏನನ್ನೂ ಹೇಳಬೇಕಾಗಲಿಲ್ಲ. ಕೊನೆಗೆ ಕಂಪೌಂಡರ್ ಕಾಗದವನ್ನು ಸುರುಳಿ ಸುತ್ತಿ ತಮ್ಮ ಚೀಲದಲ್ಲಿ ಹಾಕಿದರು.

"ನಾನೇ ಬರ್ತೀನಿ. ಸಾಕ್ಷ್ಯ ಹೇಳ್ತೀನಿ. ಆದ್ರೆ ಒಂದು. ಊಟ ಆದ ಮೇಲೆ ಹೊಸ ಲೆಕ್ಕ ಅನ್ನೋದು ಸರಿಯಾ ತಪ್ಪಾ, ಅದೂ ಅಲ್ಲೇ ತೀರ್ಮಾನ ಆಗ್ಬೇಕು."

"ವೇದಿಕೆಗೆ ಆ ಅಧಿಕಾರ ಇಲ್ಲ."

"ಇಷ್ಟು ಸಣ್ಣ ವಿಷಯ ತೀರಿಸೋಕೆ ಆಗದಿದ್ರೆ ಅದೆಂತ ಕಾನೂನು ಮಾರಾಯ?"

ಗೋಡೆಯ ಆಚೆಯಿಂದ "ಅದು ಹೌದು" ಎಂದು ಕೇಳಿಸಿತು. ವರ್ಷದ ಮೇಲೆ ಇಬ್ಬರೂ ಒಪ್ಪಿದ ಮೊದಲ ಮಾತು ಅದು. ಒಪ್ಪಿದ್ದು ನನ್ನ ಕಾನೂನಿನ ವಿರುದ್ಧ.

೬. ನೇರ ರಸ್ತೆಯ ತಿರುವು

ವಿಚಾರಣೆಯ ದಿನ ಇಬ್ಬರನ್ನೂ ಒಂದೇ ಬಸ್ಸಿನಲ್ಲಿ ತಂದು ಮುಟ್ಟಿಸುವುದು ನನ್ನ ಜವಾಬ್ದಾರಿ ಎಂದು ಟೀಚರ್ ಹೇಳಿದ್ದರು. ಮೂವರು ಕೂರುವ ಸೀಟು. ಕಿಟಕಿಗೆ ಕಂಪೌಂಡರ್, ಈ ತುದಿಗೆ ಟೈಲರ್, ನಡುವೆ ನಾನು.

"ಕಿಟಕಿ ಹಾಕೋಕೆ ಹೇಳಿ ಅವರಿಗೆ, ಧೂಳು ಬರ್ತದೆ."

"ಗಾಳಿ ಬೇಕು ಅಂತ ಹೇಳು ತಮ್ಮಾ."

ರಿಪ್ಪನ್‌ಪೇಟೆ ದಾಟಿದ ಮೇಲೆ ಟೈಲರ್ ಗವಸು ಬಿಚ್ಚಿದರು. ಎಲ್ಲ ಸರಿ ಇದೆಯೇ ಎಂದು ನೋಡಲು ಪೆಟ್ಟಿಗೆಯನ್ನು ನನ್ನ ತೊಡೆಯ ಮೇಲಿಟ್ಟು ಕಾಯಿ ಜೋಡಿಸಿದರು. ಸೆಲ್ ಖರ್ಚಾಗಬಾರದೆಂದು ಸ್ವಿಚ್ ಹಾಕಲಿಲ್ಲ. ಕಾಯಿಗಳ ಬುಡಕ್ಕೆ ಅಯಸ್ಕಾಂತ ಇತ್ತು. ಬಸ್ಸಿನ ಕುಲುಕಾಟಕ್ಕೆ ಒಂದೂ ಕದಲಲಿಲ್ಲ. ಅಭ್ಯಾಸಬಲದಿಂದ ಒಂದು ಬಿಳಿ ಕಾಲಾಳು ಮುಂದಿಟ್ಟರು.

ಕಿಟಕಿ ಕಡೆಯಿಂದ ಒಂದು ಕೈ ಬಂದು ಕರಿ ಕಾಲಾಳು ಸರಿಸಿ ಹೋಯಿತು.

ಆಟ ಸಾಗಿತು. ನಾನು ಉಸಿರನ್ನು ಹದವಾಗಿ ಬಿಡುತ್ತಾ ಮೇಜಿನಂತೆ ಕೂತೆ. ಆಯನೂರು ಹತ್ತಿರ ಬರುವಾಗ ಟೈಲರ್ ತಮ್ಮ ಕುದುರೆಯನ್ನು ಸೀದಾ ಎದುರಾಳಿಯ ಒಂಟೆಯ ಬಾಯಿಗೆ ಇಟ್ಟರು. ಕೈ ತೆಗೆದ ಮೇಲೆ ಕಂಡಿತು. ಮುಖ ಕೆಂಪಾಯಿತು. ವಾಪಸ್ ಎಂದು ಕೇಳಲಿಲ್ಲ. ಕೇಳುವುದಿಲ್ಲ ಎಂದು ನನಗೂ ಗೊತ್ತಿತ್ತು.

ಕಂಪೌಂಡರ್ ಸ್ವಲ್ಪ ಹೊತ್ತು ಹೊರಗೆ ನೋಡಿದರು. ಆಮೇಲೆ ಕೈ ಚಾಚಿ, ಆ ಕುದುರೆಯನ್ನು ಎತ್ತಿ, ಅದು ಮೊದಲಿದ್ದ ಮನೆಯಲ್ಲೇ ಇಟ್ಟರು.

"ಈ ತಿರುವಲ್ಲಿ ಬಸ್ಸು ಅಲ್ಲಾಡಿ ಕಾಯಿ ಜಾರ್ತು ಅಂತ ಹೇಳು ತಮ್ಮಾ ಅವರಿಗೆ."

ರಸ್ತೆ ನೇರವಾಗಿತ್ತು. ಕಾಯಿಗೆ ಅಯಸ್ಕಾಂತ ಇತ್ತು. ಕಣ್ಣಾರೆ ಕಂಡದ್ದನ್ನು ದಾಖಲಿಸದೆ ಬಿಟ್ಟದ್ದು ನನ್ನ ಜೀವನದಲ್ಲಿ ಅದೇ ಮೊದಲು.

೭. ಅಧ್ಯಕ್ಷರ ಹನ್ನೊಂದನೇ ನಡೆ

ವೇದಿಕೆಯ ಅಧ್ಯಕ್ಷರು ಮಧ್ಯದಲ್ಲಿ ಕೂತಿದ್ದರು. ಪಕ್ಕದಲ್ಲಿ ಒಬ್ಬ ಮಹಿಳಾ ಸದಸ್ಯರು, ಇನ್ನೊಂದು ಪಕ್ಕ ಮತ್ತೊಬ್ಬರು. ಮೂಲ ಬಿಲ್ ಎಲ್ಲಿ ಎಂದು ಕೇಳಿದರು. ಟೈಲರ್ ಜೇಬಿನಿಂದ ಕತ್ತರಿ ತೆಗೆದಾಗ ಬಾಗಿಲಲ್ಲಿದ್ದ ಪೇದೆ ಎರಡು ಹೆಜ್ಜೆ ಮುಂದೆ ಬಂದ. ಒಳಪದರ ಬಿಚ್ಚಿ ಬಿಲ್ ಹೊರಬಂದ ಮೇಲೆ ಸ್ವಸ್ಥಾನಕ್ಕೆ ಹೋದ.

ಆಮೇಲೆ ಜಾಹೀರಾತು. ಕಾಲರನ್ನು ಒಂದು ಕಡೆ ಇಟ್ಟೆ. ಕಂಪೌಂಡರ್ ತಮ್ಮ ಸುರುಳಿ ಬಿಚ್ಚಿ ಅದಕ್ಕೆ ಜೋಡಿಸಿದರು. ಕತ್ತಿನ ಬಾಗು ಬಾಗಿಗೆ ಸರಿಯಾಗಿ ಕೂತಿತು. ಅಧ್ಯಕ್ಷರು ಗಟ್ಟಿಯಾಗಿ ಓದಿದರು: "ತಪ್ಪು ನಡೆಯನ್ನು ವಾಪಸ್ ಪಡೆದು ನಿಶ್ಚಿಂತೆಯಿಂದ ಆಡಿ."

ಅಂಗಡಿ ಮಾಲೀಕರು ಚಾವಣಿ ನೋಡಿದರು.

"ಇದನ್ನ ಯಾಕ್ರೀ ಈ ಆಕಾರಕ್ಕೆ ಕತ್ತರಿಸಿದ್ದು?" ಎಂದರು ಅಧ್ಯಕ್ಷರು.

"ಹದಿನೈದೂವರೆ ಸ್ವಾಮಿ." ಟೈಲರ್ ಅವರ ಕತ್ತನ್ನು ಒಂದು ಕ್ಷಣ ನೋಡಿದರು. "ನಿಮಗೂ ಸರಿಹೋಗ್ತದೆ."

ವಕೀಲರು ಕೊನೆಯ ವಾದ ತೆಗೆದರು. ಯಂತ್ರದಲ್ಲಿ ವಾಪಸ್ ಸೌಲಭ್ಯ ಇದೆ, ಸ್ವಿಚ್ ಆರಿಸಿ ಹಾಕಿದರೆ ಸಾಕು, ನಡೆಗಳೆಲ್ಲ ವಾಪಸ್ ಆಗುತ್ತವೆ, ಜಾಹೀರಾತು ಸತ್ಯ.

ಅಧ್ಯಕ್ಷರು ಯಂತ್ರವನ್ನು ತಮ್ಮ ಕಡೆ ತಿರುಗಿಸಿಕೊಂಡರು. "ನೋಡೋಣ" ಎಂದರು. ಪರೀಕ್ಷೆಗೆಂದು ಒಂದು ನಡೆ ಆಡಿದರು. ಯಂತ್ರ ಉತ್ತರಿಸಿತು. ಇನ್ನೊಂದು ಆಡಿದರು. ಐದಾರು ನಡೆ ಆಗುವಷ್ಟರಲ್ಲಿ ಕನ್ನಡಕ ಹಣೆಯ ಮೇಲೆ ಹೋಗಿತ್ತು, ಮುಂದಿನ ಪ್ರಕರಣದವರು ಹಿಂದೆ ಬಂದು ನಿಂತಿದ್ದರು. ಹನ್ನೊಂದನೇ ನಡೆಯಲ್ಲಿ ಅವರು ಮಂತ್ರಿಯನ್ನು ಒತ್ತಿದರು. ಪೀಂ. ಕೂಡಲೇ ಯಂತ್ರದ ದೀಪ ಆ ಮಂತ್ರಿಯ ಮನೆಯ ಮೇಲೇ ಹತ್ತಿತು.

"ಛೆ! ಇದಲ್ಲ, ಇದಲ್ಲ." ಅವರ ಬೆರಳು ಗುಂಡಿಗಳ ಮೇಲೆ ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಓಡಾಡಿತು. "ಎಲ್ರೀ ಆ ಗುಂಡಿ?"

"ಅದೇ ಸರ್ ಪ್ರಕರಣ" ಎಂದರು ಮಹಿಳಾ ಸದಸ್ಯರು.

ವಕೀಲರು ಮುಂದೆ ಬಂದು ವಿನಯದಿಂದ ಸ್ವಿಚ್ಚಿಗೆ ಕೈ ಹಾಕಿದರು. ಅಧ್ಯಕ್ಷರು ಆ ಕೈಯನ್ನು ತಡೆದರು.

"ಮುಟ್ಟಬೇಡಿ! ಉಳಿದ ಹತ್ತು ನಡೆ ಚೆನ್ನಾಗಿ ಆಡಿದೀನಿ."

ಅಲ್ಲಿಗೆ ವಾದ ಮುಗಿಯಿತು. ಜಾಹೀರಾತಿನಲ್ಲಿ ಹೇಳಿದ ಎಲ್ಲ ಸೌಲಭ್ಯ ಇರುವ ಯಂತ್ರವನ್ನೇ ಒಂದು ತಿಂಗಳೊಳಗೆ ಕೊಡಬೇಕು, ಇಲ್ಲವೆ ಹಣ ಹಿಂದಿರುಗಿಸಬೇಕು ಎಂದು ಆದೇಶವಾಯಿತು. ಕಂಪೌಂಡರ್ ಎದ್ದು, "ಊಟದ ಮೇಲಿನ ಲೆಕ್ಕ" ಎಂದು ಶುರುಮಾಡಿದರು. ಅವರ ಅಂಗಿ ಹಿಡಿದು ಕೂರಿಸಿದವರು ಟೈಲರ್.

೮. ಹನ್ನೆರಡನೇ ಗುಂಡಿ

ಕೆಲವು ತಿಂಗಳ ಮೇಲೆ ನನಗೆ ಕೆಲಸದ ಆದೇಶ ಬಂತು. ಸಂಘ ಬಿಡುವ ಮೊದಲು ಬಾಕಿ ಕಡತಗಳನ್ನು ಮುಗಿಸಬೇಕಿತ್ತು. ಹೊಸ ಯಂತ್ರ ತಲುಪಿದೆಯೇ, ಸರಿ ಇದೆಯೇ ಎಂದು ಬರೆದುಕೊಳ್ಳಲು ರಿಜಿಸ್ಟರ್ ಹಿಡಿದು ಹೊಸನಗರಕ್ಕೆ ಹೋದೆ. ಮಧ್ಯಾಹ್ನ ಮೂರು ಗಂಟೆ.

ಬೆಂಚಿನ ಮೇಲೆ ಇಬ್ಬರೂ ಕೂತಿದ್ದರು. ನಡುವೆ ಹೊಸ ಯಂತ್ರ. ಎಣಿಸಿದೆ, ಹನ್ನೆರಡು ಗುಂಡಿ. ಆದರೆ ದೀಪ ಹತ್ತಿರಲಿಲ್ಲ. ತಿರುವಿ ನೋಡಿದೆ, ಒಳಗೆ ಸೆಲ್ ಇರಲಿಲ್ಲ. ಕಂಪೌಂಡರ ರೇಡಿಯೋಕ್ಕೆ ಹಾಕಿದ್ದರಂತೆ.

"ಸೆಲ್ ಇಲ್ಲದೆ ಹೇಗೆ ಆಡ್ತೀರಿ?"

"ಆಡ್ತದೆ. ನೋಡಿ ಬೇಕಾದ್ರೆ" ಎಂದರು ಟೈಲರ್.

ನೋಡುತ್ತಿದ್ದಂತೆ ಅವರು ಒಂದು ತಪ್ಪು ನಡೆ ಆಡಿದರು. ಆನೆ ಹೋಗುವುದರಲ್ಲಿತ್ತು. ಟೈಲರ್ ಗಂಟಲು ಸರಿಮಾಡಿಕೊಂಡು, ಹನ್ನೆರಡನೇ ಗುಂಡಿಯನ್ನು ಬೆರಳಿನಿಂದ ಗಟ್ಟಿಯಾಗಿ ಒತ್ತಿದರು.

ಕಂಪೌಂಡರ್ ಎದುರಿನ ರಸ್ತೆ ನೋಡುತ್ತಾ, ಮುಖ ಒಂದಿಷ್ಟೂ ಸಡಿಲಿಸದೆ, "ಪೀಂ" ಎಂದರು.

ಟೈಲರ್ ಆನೆಯನ್ನು ವಾಪಸ್ ತೆಗೆದುಕೊಂಡರು. ಇಬ್ಬರಲ್ಲಿ ಒಬ್ಬರೂ ನಗಲಿಲ್ಲ. ಆಟ ಮುಂದುವರಿಯಿತು. ಹತ್ತು ನಿಮಿಷದ ಮೇಲೆ ಟೈಲರ್ ಮಂತ್ರಿ ಸಿಕ್ಕಿಬಿತ್ತು. ಮತ್ತೆ ಗುಂಡಿ ಒತ್ತಿದರು.

"ಪೀಂ ಪೀಂ."

"ಮೊದಲನೇದು ಬೆಳಿಗ್ಗೆಯ ಬಾಕಿ. ಇದು ಊಟದ ಮೇಲಿನದ್ದು. ಹೊಸ ಲೆಕ್ಕ!"

"ಯಂತ್ರಕ್ಕೆ ಊಟ ಇಲ್ಲ."

ಟೈಲರ್ ಗುಂಡಿಯನ್ನು ಮೂರು ಸಲ ಒತ್ತಿದರು. ಕಂಪೌಂಡರ್ ಆರು ಸಲ ಪೀಂ ಎಂದರು. ಟೈಲರ್ ನನ್ನ ಕಡೆ ತಿರುಗಿದರು.

"ಸೆಕ್ರೆಟ್ರಿಯವ್ರೇ, ರಿಜಿಸ್ಟರ್ ತೆಗೀರಿ. ದೂರು ಬರ್ಕೊಳ್ಳಿ. ವಾಪಸ್ ಗುಂಡಿ ಒಂದೇ ಸಲ ಕೆಲಸ ಮಾಡ್ತದೆ."

ಕ್ರಮ ಎಂದರೆ ಕ್ರಮ. ರಿಜಿಸ್ಟರ್ ತೆರೆದೆ, ಪೆನ್ನಿನ ಟೋಪಿ ತೆಗೆದೆ. ರಸ್ತೆಯನ್ನೇ ನೋಡುತ್ತಾ ಬಿಗಿಯಾಗಿ ಕೂತಿದ್ದ ಕಂಪೌಂಡರನ್ನು ಪೆನ್ನಿನಿಂದ ತೋರಿಸಿ ಕೇಳಿದೆ.

"ಇದಕ್ಕೆ ಬಿಲ್ ಇದೆಯಾ?"

ಟೈಲರ್ ಕಂಪೌಂಡರನ್ನು ಮೇಲಿಂದ ಕೆಳಗಿನ ತನಕ ಒಮ್ಮೆ ನೋಡಿದರು.

"ಇದು ಪುಕ್ಕಟೆ ಬಂದ ಮಾಲು. ಬಿಲ್ ಎಲ್ಲಿಂದ ತರ್ಲಿ?"

"ಪೀಂ" ಎಂದರು ಕಂಪೌಂಡರ್.